ಅಂಗಡಿಗೆ ಹೋಗದೆ ಕೊಂಡ ಬಿದಿರು

ಮಕ್ಕಳೇ, ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಜಗುಲಿಯ ಮೇಲೆ ಒಂದು ಕಾರ್ಖಾನೆ ಶುರುವಾಗಿತ್ತು. ಕೆಲಸಗಾರರು ಇಬ್ಬರೇ: ಎಪ್ಪತ್ತು ದಾಟಿದ ನಾನು, ಏಳನೇ ತರಗತಿಯ ಮೊಮ್ಮಗಳು. ತಯಾರಾಗಬೇಕಿದ್ದ ಮಾಲು ಒಂದೇ ಒಂದು ಕೊಳಲು. ಜಾತ್ರೆಯಲ್ಲಿ ಕೊಡಿಸಿದ್ದ ಕೊಳಲು ಅವಳ ಮೇಷ್ಟ್ರ ಶ್ರುತಿಪೆಟ್ಟಿಗೆಗೆ ಕೂಡುತ್ತಿರಲಿಲ್ಲ. “ನಾವೇ ಮಾಡೋಣ ತಾತ” ಅಂದಳು. ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟೆ.

ಕೊಳಲಿಗೆ ಎಲ್ಲ ಬಿದಿರೂ ಆಗದು. ನಮ್ಮ ಕಡೆಯ ಕಿರುಬಿದಿರು ಒಳಗೆ ಹೆಚ್ಚುಕಡಿಮೆ ಗಟ್ಟಿ. ದೊಣ್ಣೆಗೆ ಸರಿ, ಕೊಳಲಿಗಲ್ಲ. ಬೇಕಾದದ್ದು ತೆಳು ಗೋಡೆಯ, ಗಿಣ್ಣಿನಿಂದ ಗಿಣ್ಣಿಗೆ ಉದ್ದ ಅಂತರವಿರುವ ಬಿದಿರು. ಅಸ್ಸಾಮಿನ ಕಡೆ ಅಂಥದ್ದು ಬೆಳೆಯುತ್ತದೆ. ಅದನ್ನು ಫೋನಿನಲ್ಲೇ ತರಿಸಬಹುದೆಂದು ಮೊಮ್ಮಗಳು ತೋರಿಸಿಕೊಟ್ಟಳು. ನಾಲ್ಕು ಬಿದಿರು, ಒಂದು ದುಂಡು ಅರ, ಅಳತೆಗೆ ಒಂದು ವರ್ನಿಯರ್ ಕ್ಯಾಲಿಪರ್ ಆರ್ಡರ್ ಮಾಡಿದೆವು.

ಐದನೇ ದಿನ ಪೊಟ್ಟಣ ಬಂತು. ಚಿತ್ರದಲ್ಲಿ ಮೊಳದುದ್ದ ಕಂಡಿದ್ದ ಅರ ಅಂಗೈಯಲ್ಲಿ ಅಡಗುವಷ್ಟಿತ್ತು. ಬಿದಿರಿನ ವ್ಯಾಸ 20 ಮಿಲಿಮೀಟರ್ ಎಂದಿದ್ದರು. ಕ್ಯಾಲಿಪರ್ ಹಿಡಿದು ನೋಡಿದರೆ ಹೊರಗಿನ ವ್ಯಾಸ 20, ಒಳಗಿನದು 11 ಮಾತ್ರ! ಗೋಡೆ ಅಷ್ಟು ದಪ್ಪ. ಮಾರಿದವರು ಸುಳ್ಳು ಬರೆದಿರಲಿಲ್ಲ, ಒಳಗೋ ಹೊರಗೋ ಎಂದು ನಾನು ಕೇಳಿರಲಿಲ್ಲ. ಒಂದು ಬಿದಿರಂತೂ ಬರುವಾಗಲೇ ಸೀಳಿತ್ತು. ವಾಪಸ್ ಕಳಿಸಿದೆವು.

ವಾರ ಕಳೆದರೂ ಹಣ ಬರಲಿಲ್ಲ. ಮೊಮ್ಮಗಳು ಶಾಲೆ ತೆರೆಯುವ ದಿನ ಎಣಿಸತೊಡಗಿದ್ದಳು. ನಾನು ಇಂಟರ್‌ನೆಟ್‌ನಲ್ಲಿ ಹುಡುಕಿ, ಮೊದಲು ಕಂಡ ಸಹಾಯವಾಣಿ ನಂಬರಿಗೆ ಫೋನ್ ಮಾಡಿದೆ. ಆ ಕಡೆಯವರದು ಬಲು ಸೌಜನ್ಯ. “ಸಾರ್, ಒಂದು ಕೋಡ್ ಕಳಿಸಿದ್ದೇವೆ. ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಜಮೆಯಾಗುತ್ತದೆ” ಅಂದರು. ಸ್ಕ್ಯಾನ್ ಮಾಡಿದೆ. ಪಿನ್ನಿನ ಮೂರು ಅಂಕಿ ಒತ್ತಿಯೂ ಆಗಿತ್ತು. ಪಕ್ಕದಲ್ಲಿ ಕೂತಿದ್ದವಳು ಕೇಳಿದಳು, “ತಾತ, ದುಡ್ಡು ನಮಗೆ ಬರೋದಾದ್ರೆ ಪಿನ್ ಯಾಕೆ?”

ಬೆರಳು ಅಲ್ಲೇ ನಿಂತಿತು. ಯುಪಿಐಯಲ್ಲಿ ಪಿನ್ ಕೇಳುವುದು ನಮ್ಮ ಹಣ ಹೊರಗೆ ಹೋಗುವಾಗ. ಬರುವ ಹಣಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ಬ್ಯಾಂಕಿನ ಕೌಂಟರಿನ ಹಿಂದೆ ಕೂತೇ ನೌಕರಿ ಮುಗಿಸಿದವನು ನಾನು. ಜಮೆ ಚೀಟಿ ಯಾವುದು, ಹಣ ತೆಗೆಯುವ ಚೀಟಿ ಯಾವುದು ಎಂದು ಎಷ್ಟು ಜನರಿಗೆ ತಿಳಿಹೇಳಿದ್ದೇನೋ ಲೆಕ್ಕವಿಲ್ಲ. ಆ ದಿನ ತೆಗೆಯುವ ಚೀಟಿಗೆ ನಾನೇ ರುಜು ಹಾಕಲು ಹೊರಟಿದ್ದೆ. ಫೋನ್ ಕೆಳಗಿಟ್ಟು ತುಂಬ ಹೊತ್ತು ಸುಮ್ಮನೆ ಕೂತೆ. ರಾತ್ರಿ ಊಟಕ್ಕೆ ಕೂತಾಗ ಎಲ್ಲರೆದುರೂ ಹೇಳಿಬಿಟ್ಟೆ. ನಾಚಿಕೆಯಾಯಿತು, ಆದರೆ ಹೇಳದೆ ಮುಚ್ಚಿಟ್ಟಿದ್ದರೆ ನನ್ನ ವಯಸ್ಸಿನ ಇನ್ನೊಬ್ಬರು ಅದೇ ಗುಂಡಿಗೆ ಬೀಳುತ್ತಿದ್ದರು. ವಾಪಸ್ ಕಳಿಸಿದ ಮಾಲಿನ ಹಣ ಮೂರು ದಿನದ ನಂತರ ತಾನಾಗಿಯೇ ಖಾತೆಗೆ ಬಂತು.

ಅಜ್ಜ ಅಜ್ಜಿಯರೇ, ಸಹಾಯ ಬೇಕಾದರೆ ವಸ್ತು ಕೊಂಡ ಆ್ಯಪಿನ ಒಳಗಿಂದಲೇ ಕೇಳಿ, ಹೊರಗೆ ನಂಬರ್ ಹುಡುಕಬೇಡಿ. ಹಣ ಹೋಗಿಬಿಟ್ಟರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಮಾಲಿನದೇ ತಕರಾರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಎರಡನೇ ಸಲ ಜಾಣರಾಗಿದ್ದೆವು. ಚಿತ್ರ ಬಿಟ್ಟು ಅಳತೆ ಓದಿದೆವು. ಹೊಗಳಿಕೆಗಿಂತ ಮೊದಲು ದೂರುಗಳನ್ನು ಓದಿದೆವು. ಒಳವ್ಯಾಸ ಎಷ್ಟೆಂದು ಮಾರುವವರನ್ನೇ ಕೇಳಿದೆವು. ಪೊಟ್ಟಣ ಬಿಚ್ಚುವಾಗ ಮೊಮ್ಮಗಳು ವಿಡಿಯೊ ಮಾಡಿಕೊಂಡಳು.

ಈಗ ಲೆಕ್ಕದ ಭಾಗ, ಮಕ್ಕಳೇ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಓಡುತ್ತದೆ. ಸೆಕೆಂಡಿಗೆ 440 ಸಲ ಕಂಪಿಸುವ ಸ್ವರ ಬೇಕೆಂದರೆ 345ನ್ನು 440ರ ಎರಡರಷ್ಟರಿಂದ, ಅಂದರೆ 880ರಿಂದ ಭಾಗಿಸಿ. ಸುಮಾರು 39 ಸೆಂಟಿಮೀಟರ್ ಬರುತ್ತದೆ. ಎಲ್ಲ ರಂಧ್ರ ಮುಚ್ಚಿ ಊದಿದಾಗ, ಊದುವ ರಂಧ್ರದಿಂದ ತೆರೆದ ತುದಿಯವರೆಗಿನ ಉದ್ದ ಅದು. ಆದರೆ ತುದಿಯಾಚೆಯ ಗಾಳಿಯೂ ಸ್ವಲ್ಪ ಕಂಪಿಸುವುದರಿಂದ ನಿಜವಾದ ಅಳತೆ ಕೆಲವು ಸೆಂಟಿಮೀಟರ್ ಕಡಿಮೆ. ಅದಕ್ಕೇ ಮೊದಲು ಉದ್ದ ಬಿಟ್ಟು, ಊದಿ ನೋಡುತ್ತ ಚೂರುಚೂರೇ ಕತ್ತರಿಸಬೇಕು. ಕೊಳಲು ಉದ್ದವಾದಷ್ಟೂ ಸ್ವರ ತಗ್ಗು. ಗಂಭೀರ ನಾದ ಬೇಕೆಂದೇ ಪನ್ನಾಲಾಲ್ ಘೋಷ್ (1911–1960) ಸುಮಾರು 32 ಅಂಗುಲದ ಬಾನ್ಸುರಿ ಹಿಡಿದು ಕಛೇರಿ ಮಾಡಿದರು.

ರಂಧ್ರಗಳನ್ನು ಕಾದ ಕಬ್ಬಿಣದ ಸರಳಿನಿಂದ ಸುಟ್ಟು ಮಾಡಿದೆವು. ಡ್ರಿಲ್ ಹಾಕಿದರೆ ಬಿದಿರು ಸೀಳುವ ಭಯ. ಸರಳು ದೊಡ್ಡವರ ಕೈಯಲ್ಲೇ ಇರಲಿ. ನಮ್ಮ ಕರ್ನಾಟಕ ಸಂಗೀತದ ಕೊಳಲಿಗೆ ಊದುವ ರಂಧ್ರವಲ್ಲದೆ ಬೆರಳಿಗೆ ಎಂಟು. ಮೊದಲು ಚಿಕ್ಕದಾಗಿ ಮಾಡಿ, ಆ ಪುಟಾಣಿ ಅರದಿಂದ ಉಜ್ಜಿ ಹಿಗ್ಗಿಸಬೇಕು. ರಂಧ್ರ ಹಿಗ್ಗಿದಷ್ಟೂ ಸ್ವರ ಏರುತ್ತದೆ. ಅವಸರದಲ್ಲಿ ನಾನು ಒಂದನ್ನು ಹೆಚ್ಚೇ ಉಜ್ಜಿದೆ. ತೆಗೆದದ್ದನ್ನು ಮತ್ತೆ ತುಂಬುವುದು ಕಷ್ಟ. ಆ ರಂಧ್ರದ ಅಂಚಿಗೆ ಚೂರು ಜೇನುಮೇಣ ಮೆತ್ತಿ ಹೇಗೋ ಸರಿದೂಗಿಸಿದೆವು. ಬಿದಿರು ಸೀಳದಂತೆ ಎರಡೂ ತುದಿಗೆ ಕೆಂಪು ನೂಲು ಬಿಗಿದು ಸುತ್ತಿದವಳು ಮೊಮ್ಮಗಳು.

ಶಾಲೆ ತೆರೆಯುವ ಹಿಂದಿನ ಸಂಜೆ ಕೊಳಲು ಶ್ರುತಿಪೆಟ್ಟಿಗೆಯೊಂದಿಗೆ ಕೂಡಿತು. ಮೇಣದ ರಂಧ್ರ ಬಿಸಿಲು ಹೆಚ್ಚಾದ ದಿನ ಈಗಲೂ ಸ್ವಲ್ಪ ಹಟ ಮಾಡುತ್ತದೆ. ನನ್ನ ಫೋನಿನ ಬೆನ್ನಿಗೆ ಅವಳು ಒಂದು ಚೀಟಿ ಅಂಟಿಸಿದ್ದಾಳೆ: “ಬರೋ ದುಡ್ಡಿಗೆ ಪಿನ್ ಬೇಡ, ತಾತ.” ಅದನ್ನು ನಾನು ಕಿತ್ತಿಲ್ಲ.