ಹೃದಯದ ಲಯ ಹೇಳುವ ಕೈಗಡಿಯಾರವನ್ನು ಎಷ್ಟು ನಂಬಬಹುದು?

ಮನುಷ್ಯನ ಹೃದಯ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಆಸ್ಪತ್ರೆಯಲ್ಲಿ ಮಲಗಿಸಿ ತೆಗೆಯುವ ಇಸಿಜಿಯಲ್ಲಿ ಸಿಗುವುದು ಅದರಲ್ಲಿ ಹತ್ತು ಹನ್ನೆರಡು ಬಡಿತಗಳು ಮಾತ್ರ. ರಾತ್ರಿ ಮನೆಯಲ್ಲಿ ಎದೆ ಡವಡವ ಎಂದಿತೆಂದು ಹೆದರಿ ಬಂದವರ ಹೃದಯ, ವೈದ್ಯರ ಎದುರು ಏನೂ ಆಗಿಲ್ಲವೆಂಬಂತೆ ಸರಿಯಾಗಿಯೇ ಬಡಿಯುತ್ತಿರುತ್ತದೆ.

ಈ ತೊಡಕಿಗೆ ಪರಿಹಾರ ಹುಡುಕಿದವರು ಅಮೆರಿಕದ ಮೊಂಟಾನಾ ರಾಜ್ಯದ ನಾರ್ಮನ್ ಹೋಲ್ಟರ್. 1940ರ ದಶಕದ ಕೊನೆಗೆ ಅವರು ರೂಪಿಸಿದ ಮೊದಲ ಸಾಧನವನ್ನು ಬೆನ್ನಿಗೆ ಹೊರಬೇಕಿತ್ತು. ಅದರ ತೂಕ ಸುಮಾರು 38 ಕಿಲೋ! 1961ರಲ್ಲಿ ಅವರು ತಮ್ಮ ವಿಧಾನವನ್ನು ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸುವ ಹೊತ್ತಿಗೆ ಸಾಧನ ಬಹಳ ಚಿಕ್ಕದಾಗಿತ್ತು. ಎದೆಗೆ ತಂತಿ ಅಂಟಿಸಿ 24 ಗಂಟೆ ಹೃದಯದ ಲಯ ದಾಖಲಿಸುವ ಪುಟ್ಟ ಪೆಟ್ಟಿಗೆಗೆ ಇಂದಿಗೂ ‘ಹೋಲ್ಟರ್’ ಎಂದೇ ಹೆಸರು.

ಈಗ ಅದೇ ಕೆಲಸದ ಒಂದಂಶವನ್ನು ಕೈಗಡಿಯಾರ ಮಾಡುತ್ತಿದೆ. ಇದಕ್ಕೆ ಎರಡು ವಿಧಾನಗಳಿವೆ. ಒಂದರಲ್ಲಿ ಗಡಿಯಾರದ ಅಡಿಯಿಂದ ಹಸಿರು ಬೆಳಕು ಚರ್ಮದ ಮೇಲೆ ಬೀಳುತ್ತದೆ. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುವುದರಿಂದ, ಪ್ರತಿ ಬಡಿತಕ್ಕೆ ರಕ್ತ ನುಗ್ಗಿದಾಗ ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತವೇ ನಾಡಿಯ ಲೆಕ್ಕ. ಪಟ್ಟಿ ಸಡಿಲವಿದ್ದರೆ, ಕೈ ಅಲುಗಾಡುತ್ತಿದ್ದರೆ ಲೆಕ್ಕ ತಪ್ಪುವುದುಂಟು. ಎರಡನೆಯದರಲ್ಲಿ ಗಡಿಯಾರ ಕಟ್ಟಿದ ಕೈಯ ಜೊತೆಗೆ ಇನ್ನೊಂದು ಕೈಯ ಬೆರಳನ್ನೂ ಅದಕ್ಕೆ ತಾಗಿಸಿ 30 ಸೆಕೆಂಡು ಹಿಡಿಯಬೇಕು. ಆಗ ಎರಡು ಕೈಗಳ ನಡುವೆ ಹೃದಯದ ವಿದ್ಯುತ್ ಸಂಕೇತ ದಾಖಲಾಗುತ್ತದೆ. ಆಸ್ಪತ್ರೆಯ ಇಸಿಜಿ 10 ವಿದ್ಯುದ್ವಾರಗಳನ್ನು ಅಂಟಿಸಿ ಹೃದಯವನ್ನು 12 ಕೋನಗಳಿಂದ ನೋಡಿದರೆ, ಗಡಿಯಾರ ನೋಡುವುದು ಒಂದೇ ಕೋನದಿಂದ.

ಇವು ಮುಖ್ಯವಾಗಿ ಹುಡುಕುವುದು ‘ಏಟ್ರಿಯಲ್ ಫಿಬ್ರಿಲೇಷನ್’ ಎಂಬ ದೋಷವನ್ನು. ಇದರಲ್ಲಿ ಹೃತ್ಕರ್ಣಗಳು ಸರಿಯಾಗಿ ಸಂಕುಚಿಸದೆ ಬರಿದೇ ಕಂಪಿಸುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ ಹೊಡೆಯಬಹುದು. ಈ ದೋಷ ಬಂದು ಹೋಗುತ್ತಿರುತ್ತದೆ. ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಸದಾ ಮೈಮೇಲಿರುವ ಸಾಧನದಿಂದ ಉಪಯೋಗವಿದೆ.

ಹಾಗಾದರೆ ಗಡಿಯಾರದ ಎಚ್ಚರಿಕೆಯನ್ನು ಎಷ್ಟು ನಂಬಬಹುದು? ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಲಿ. ದೋಷವಿರುವ 10 ಜನರಲ್ಲಿ 9 ಮಂದಿಯನ್ನು ಪತ್ತೆ ಮಾಡಿ, ಆರೋಗ್ಯವಂತ 100 ಜನರಲ್ಲಿ ಒಬ್ಬರಿಗೆ ಸುಳ್ಳು ಎಚ್ಚರಿಕೆ ಕೊಡುವ ಸಾಧನವಿದೆ ಎಂದುಕೊಳ್ಳೋಣ. 10,000 ಯುವಕರಲ್ಲಿ 10 ಮಂದಿಗೆ ಮಾತ್ರ ದೋಷವಿದ್ದರೆ ನಿಜವಾದ ಎಚ್ಚರಿಕೆ 9, ಸುಳ್ಳು ಸುಮಾರು 100. ಅಂದರೆ 12 ಎಚ್ಚರಿಕೆಗಳಲ್ಲಿ ಒಂದು ಮಾತ್ರ ನಿಜ. ಅದೇ ಸಾಧನವನ್ನು 10,000 ವೃದ್ಧರಿಗೆ ಕಟ್ಟಿ, ಅವರಲ್ಲಿ 500 ಮಂದಿಗೆ ದೋಷವಿದ್ದರೆ ನಿಜ 450, ಸುಳ್ಳು 95. ಈಗ ಹತ್ತರಲ್ಲಿ ಎಂಟು ಎಚ್ಚರಿಕೆಗಳು ನಿಜ! ಸಾಧನ ಬದಲಾಗಲಿಲ್ಲ, ಕಟ್ಟಿಕೊಂಡವರು ಬದಲಾದರು. ಈ ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. ತತ್ತ್ವ ಮಾತ್ರ ಎಲ್ಲ ಪರೀಕ್ಷೆಗಳಿಗೂ ಅನ್ವಯಿಸುತ್ತದೆ.

ಅಮೆರಿಕದಲ್ಲಿ ಆಪಲ್ ಗಡಿಯಾರ ಕಟ್ಟಿದ್ದ 4,19,297 ಜನರ ಮೇಲೆ ನಡೆದ ಅಧ್ಯಯನದ ವರದಿ 2019ರಲ್ಲಿ ಪ್ರಕಟವಾಯಿತು. ಲಯ ತಪ್ಪಿದೆ ಎಂಬ ಎಚ್ಚರಿಕೆ ಬಂದದ್ದು 2,161 ಮಂದಿಗೆ. ಅಂದರೆ ಸಾವಿರಕ್ಕೆ ಸುಮಾರು ಐವರಿಗೆ. ಎಚ್ಚರಿಕೆ ಬಂದವರಿಗೆ ಎದೆಗೆ ಅಂಟಿಸಿಕೊಳ್ಳುವ ಇಸಿಜಿ ಪಟ್ಟಿಯನ್ನು ಅಂಚೆಯಲ್ಲಿ ಕಳುಹಿಸಲಾಯಿತು. ಅದನ್ನು ಅಂಟಿಸಿಕೊಂಡು ಹಿಂದಿರುಗಿಸಿದ 450 ಮಂದಿಯಲ್ಲಿ ದೋಷ ಕಂಡದ್ದು ನೂರಕ್ಕೆ 34 ಜನರಲ್ಲಿ. ಹಾಗೆಂದು ಉಳಿದವರ ಎಚ್ಚರಿಕೆಗಳೆಲ್ಲ ಸುಳ್ಳು ಎನ್ನಲಾಗದು. ಪಟ್ಟಿ ಕೈಸೇರುವಷ್ಟರಲ್ಲಿ ದೋಷ ಮರೆಯಾಗಿರಬಹುದು. ಪಟ್ಟಿ ಅಂಟಿಸಿಕೊಂಡಿದ್ದಾಗಲೇ ಗಡಿಯಾರ ಎಚ್ಚರಿಸಿದ ಸಂದರ್ಭಗಳಲ್ಲಿ ನೂರಕ್ಕೆ 84ರಷ್ಟು ನಿಜವಾಗಿದ್ದವು.

ತಂದೆತಾಯಿಯರು ಗಮನಿಸಬೇಕಾದ ಅಂಶವೊಂದಿದೆ. ಲಯದೋಷ ಹೇಳುವ ಈ ಸೌಲಭ್ಯಗಳು 22 ವರ್ಷ ತುಂಬದವರಿಗಲ್ಲ ಎಂದು ಆ ಕಂಪನಿಯೇ ಹೇಳಿದೆ. ಪರೀಕ್ಷೆಯ ದಿನ ಮಗನ ಅಥವಾ ಮಗಳ ನಾಡಿ ಜೋರಾಗಿ ಓಡುವುದು ಸಹಜ. ಅದಕ್ಕಾಗಿ ಗಡಿಯಾರ ನೋಡಿ ನೋಡಿ ಭಯ ಹೆಚ್ಚಿಸಿಕೊಳ್ಳಬೇಕಾಗಿಲ್ಲ. ಆದರೆ ಆಟದ ನಡುವೆ ಮಕ್ಕಳು ಮೂರ್ಛೆ ಹೋದರೆ, ಗಡಿಯಾರ ಏನೇ ಹೇಳಲಿ, ವೈದ್ಯರಿಗೆ ತೋರಿಸಲೇಬೇಕು.

ಹಿರಿಯರಿಗೆ ಎಚ್ಚರಿಕೆ ಬಂದರೆ ಅದನ್ನು ಕಡೆಗಣಿಸಬಾರದು. ಗಡಿಯಾರದ ದಾಖಲೆಯನ್ನು ವೈದ್ಯರಿಗೆ ತೋರಿಸಿ ಸರಿಯಾದ ಇಸಿಜಿ ತೆಗೆಸಬೇಕು. ತಾವಾಗಿಯೇ ಮಾತ್ರೆ ನುಂಗುವುದಾಗಲಿ ನಿಲ್ಲಿಸುವುದಾಗಲಿ ಸಲ್ಲದು.

ಇದಕ್ಕಿಂತ ದೊಡ್ಡ ಅಪಾಯ ಗಡಿಯಾರ ಸುಮ್ಮನಿರುವುದರಲ್ಲಿದೆ. ಅದು ಲಯವನ್ನು ನೋಡುತ್ತದೆಯೇ ಹೊರತು ಹೃದಯದ ರಕ್ತನಾಳ ಕಟ್ಟಿಕೊಂಡಿರುವುದನ್ನಲ್ಲ. ಹೃದಯಾಘಾತವನ್ನು ಅದು ಪತ್ತೆ ಮಾಡಲಾರದು. ಎದೆ ಹಿಂಡಿದಂತಾಗಿ, ನೋವು ಎಡಗೈಗೋ ದವಡೆಗೋ ಹರಿದು, ಬೆವರು ಕಿತ್ತುಕೊಂಡು ಬಂದಾಗ ‘ಲಯ ಸರಿಯಿದೆ’ ಎಂಬ ಗಡಿಯಾರದ ಮಾತಿಗೆ ಸಮಾಧಾನಪಟ್ಟು ಮನೆಯಲ್ಲಿ ಕೂರಬಾರದು. ಒಡನೆಯೇ ಆಸ್ಪತ್ರೆಗೆ ಹೊರಡಬೇಕು.