ನೂರು ಸಲ ಬರೆಸಿದ ಮೇಷ್ಟ್ರು

ಕಳೆದ ನವೆಂಬರಿನ ಮೊದಲ ವಾರ ಹಿತ್ತಲಿನ ಪಾಚಿಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡೆ. ಆರು ವಾರ ಕಟ್ಟು ಹಾಕಿದರು. ಪಿಂಚಣಿದಾರರು ಜೀವಿತ ಪ್ರಮಾಣಪತ್ರ ಒಪ್ಪಿಸುವ ತಿಂಗಳು ಅದೇ ಆದ್ದರಿಂದ ಬ್ಯಾಂಕಿಗೆ ಹೋಗಿ ಎಡಗೈಯಿಂದಲೇ ಸಹಿ ಹಾಕಿದೆ. ಗುಮಾಸ್ತರು ಹಳೆಯ ಸಹಿಯೊಡನೆ ಹೋಲಿಸಿ ನೋಡಿ, "ಸ್ವಲ್ಪ ನಡುಗಿದೆ ಸರ್, ಆದರೆ ನಿಮ್ಮದೇ" ಎಂದರು. ನಾನೂ ಬಗ್ಗಿ ನೋಡಿದೆ. ಮೊದಲಕ್ಷರದ ಬಳುಕು, ಕೊನೆಯಲ್ಲಿ ನಾನು ಎಳೆಯುವ ಬಾಲ, ಎಲ್ಲವೂ ಇದ್ದವು. ಜನ್ಮದಲ್ಲಿ ಲೇಖನಿ ಹಿಡಿಯದ ಕೈಗೆ ನನ್ನ ಸಹಿಯನ್ನು ಕಲಿಸಿದವರು ಯಾರು?

ಸಹಿ ಎಂದೂ ಕೈಯಲ್ಲಿ ಇರಲೇ ಇಲ್ಲ ಎಂಬುದೇ ಇದಕ್ಕೆ ಉತ್ತರ. ಪುಸ್ತಕದಲ್ಲಿ ನಾವು ಬೆರಳುಗಳಿಂದ ಬರೆಯುತ್ತೇವೆ; ಕರಿಹಲಗೆಯ ಮೇಲೆ ಭುಜದಿಂದ ಬರೆಯುತ್ತೇವೆ. ಕೆಲಸ ಮಾಡುವ ಸ್ನಾಯುಗಳೇ ಬೇರೆ. ಆದರೂ ನಿಮ್ಮ ಉತ್ತರಪತ್ರಿಕೆಯ ಕೆಂಪು ಶಾಯಿಯ ಅಕ್ಷರವೂ ಹಲಗೆಯ ಮೇಲಿನ ಅಕ್ಷರವೂ ಒಬ್ಬನದೇ ಎಂದು ಹಿಂದಿನ ಬೆಂಚಿನಲ್ಲಿ ಕುಳಿತವರಿಗೂ ತಿಳಿಯುತ್ತಿತ್ತು. ಮೆದುಳು ಕಲಿಯುವುದು ಅಕ್ಷರದ ರೂಪವನ್ನು. ಅದನ್ನು ಯಾವ ಅಂಗಕ್ಕೆ ಒಪ್ಪಿಸಿದರೂ ಅಂಗ ತನ್ನ ಶಕ್ತ್ಯನುಸಾರ ನಡೆಸಿಕೊಡುತ್ತದೆ.

ಈ ವಿದ್ಯೆ ಮೆದುಳಿನಲ್ಲಿ ಕೂರುವ ಜಾಗವೂ ವಿಚಿತ್ರವಾದುದು. ಅಮೆರಿಕದ ಹೆನ್ರಿ ಮೊಲೈಸನ್ ಎಂಬಾತನಿಗೆ ಮೂರ್ಛೆರೋಗದ ನಿವಾರಣೆಗಾಗಿ 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಅನಂತರ ಹೊಸದಾವುದೂ ಆತನ ನೆನಪಿನಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ವಿದುಷಿ ಆತನಿಗೆ ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ನಡೆಸಲು ಹೇಳಿದರು. ಮೊದಲ ದಿನ ಬಹಳ ತಪ್ಪುಗಳಾದವು. ಮೂರನೆಯ ದಿನದ ಹೊತ್ತಿಗೆ ಗೆರೆ ಸಲೀಸಾಗಿ ಸಾಗಿತು. ಆದರೆ ತಾನು ಅದನ್ನು ಹಿಂದೆ ಮಾಡಿದ್ದೇನೆಂಬ ನೆನಪೇ ಆತನಿಗಿರಲಿಲ್ಲ. ಕೈಯ ವಿದ್ಯೆಗೂ ಬಾಯಿಪಾಠಕ್ಕೂ ಮೆದುಳಿನಲ್ಲಿ ಬೇರೆ ಬೇರೆ ಮನೆಗಳಿವೆ ಎಂಬುದು ಹೀಗೆ ಗೊತ್ತಾಯಿತು.

ಕೈಯ ವಿದ್ಯೆಯ ಮನೆಗಳಲ್ಲಿ ಮುಖ್ಯವಾದುದು ತಲೆಯ ಹಿಂಬದಿಯಲ್ಲಿರುವ ಅನುಮಸ್ತಿಷ್ಕ. ಗಾತ್ರದಲ್ಲಿ ಚಿಕ್ಕದು, ಆದರೆ ಮೆದುಳಿನ ಅರ್ಧಕ್ಕಿಂತ ಹೆಚ್ಚು ನರಕೋಶಗಳು ಅಲ್ಲಿಯೇ ಇವೆ. ಪಠ್ಯಪುಸ್ತಕದಲ್ಲಿ ನಾವು "ದೇಹದ ಸಮತೋಲನ" ಎಂದಷ್ಟೇ ಓದಿಸಿ ಮುಂದೆ ಹೋಗುತ್ತಿದ್ದೆವು. ಕೈ ಎಲ್ಲಿಗೆ ಹೋಗಬೇಕಿತ್ತು, ಎಲ್ಲಿಗೆ ಹೋಯಿತು ಎಂಬ ವ್ಯತ್ಯಾಸವನ್ನು ಅಳೆದು, ಮುಂದಿನ ಸಲದ ಆಜ್ಞೆಯನ್ನು ಕೊಂಚ ಬದಲಿಸುವುದು ಅದರ ದೊಡ್ಡ ಕೆಲಸ. ವ್ಯತ್ಯಾಸ ಕಾಣದಿದ್ದರೆ ಕಲಿಕೆಯೂ ಇಲ್ಲ. ನಮ್ಮ ಹಿರಿಯರು ಮಗುವಿನ ಬೆರಳು ಹಿಡಿದು ಮರಳಿನ ಮೇಲೆ ಅಕ್ಷರ "ತಿದ್ದಿಸು"ತ್ತಿದ್ದರು. ಬರೆದುದರ ಮೇಲೆಯೇ ಮತ್ತೆ ಬರೆಯುವುದಕ್ಕೂ ತಪ್ಪನ್ನು ಸರಿಪಡಿಸುವುದಕ್ಕೂ ಕನ್ನಡದಲ್ಲಿ ಒಂದೇ ಮಾತು. ಈ ಮಾತನ್ನು ದಿನಕ್ಕೆ ಹತ್ತು ಬಾರಿ ಆಡುತ್ತಿದ್ದ ನಾನು ಅದರ ಅರ್ಥದ ಕಡೆ ನೋಡಲೇ ಇಲ್ಲ.

ನಾನು ಮಾಡುತ್ತಿದ್ದುದು ಇಂಪೊಸಿಷನ್. ಅಕ್ಷರ ಕೆಟ್ಟದ್ದಾಗಿದ್ದರೆ ನೂರು ಸಲ. ನಿಮ್ಮಲ್ಲಿ ಹಲವರು ಅದನ್ನು ಹೇಗೆ ಬರೆದಿರೆಂಬುದು ನನಗೆ ಗೊತ್ತಿತ್ತು: ಮೊದಲು ಪುಟದುದ್ದಕ್ಕೂ "ನಾನು", ಆಮೇಲೆ ಅದರ ಪಕ್ಕದ ಸಾಲಾಗಿ "ಇನ್ನು ಮುಂದೆ". ಎರಡು ಲೇಖನಿ ಕಟ್ಟಿ ಒಟ್ಟಿಗೆ ಬರೆದ ಜಾಣರೂ ಇದ್ದರು. ಆದರೆ ನನಗೆ ಈಗ ಕಾಡುವವನು ಪ್ರಾಮಾಣಿಕವಾಗಿ ನೂರೂ ಬರೆದು ತಂದ ಒಬ್ಬ ಹುಡುಗ. ಮೊದಲ ಸಾಲು ನನ್ನ ಮೇಲ್ಪಂಕ್ತಿಯನ್ನು ಹೋಲುತ್ತಿತ್ತು. ಎರಡನೆಯದು ಮೊದಲನೆಯದನ್ನು, ಮೂರನೆಯದು ಎರಡನೆಯದನ್ನು ನೋಡಿ ಬರೆದುದು. ಕೊನೆಯ ಪುಟಕ್ಕೆ ಬರುವ ಹೊತ್ತಿಗೆ ಅಕ್ಷರಗಳು ಕಾಲು ಮುರಿದು ಬಿದ್ದಿದ್ದವು. "ಬರೆಯುತ್ತ ಬರೆಯುತ್ತ ಕೆಡಿಸಿದ್ದೀಯ, ಸೋಮಾರಿ" ಎಂದು ತರಗತಿಯ ಮುಂದೆ ಹೇಳಿ, ಮತ್ತೆ ನೂರು ಬರೆಸಿದೆ. ಆತ ತಲೆಯೆತ್ತಲಿಲ್ಲ. ನೂರು ಸಲ ಕೆಟ್ಟದಾಗಿ ಬರೆದವನಿಗೆ ಕೆಟ್ಟದಾಗಿ ಬರೆಯುವುದೇ ಗಟ್ಟಿಯಾಗುತ್ತದೆ. ಅದನ್ನು ಕಲಿಸಿದವನು ನಾನೇ.

ಎಷ್ಟು ಹೊತ್ತು ಬರೆಸಬೇಕೆಂಬ ಪ್ರಶ್ನೆಯೂ ಉಂಟು. ಬ್ರಿಟನ್ನಿನಲ್ಲಿ ಅಂಚೆ ನೌಕರರಿಗೆ ಬೆರಳಚ್ಚು ಕಲಿಸಿದ ಒಂದು ಪ್ರಯೋಗದ ವರದಿ 1978ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಕಲಿತವರು, ದಿನಕ್ಕೆ ನಾಲ್ಕು ಗಂಟೆ ಕಲಿತವರಿಗಿಂತ ಒಟ್ಟು ಕಡಿಮೆ ಗಂಟೆಗಳಲ್ಲಿ ಕೀಲಿಮಣೆಯನ್ನು ವಶಮಾಡಿಕೊಂಡರು. ತಮಾಷೆಯೆಂದರೆ, ತಮ್ಮ ತರಬೇತಿಯ ಬಗ್ಗೆ ಹೆಚ್ಚು ಗೊಣಗಿದವರೂ ಅವರೇ. ದಿನಗಳು ಹೆಚ್ಚು ಹಿಡಿದವಲ್ಲ! ಒಂದೇ ರಾತ್ರಿ ನೂರು ಬರೆಸುವ ನಮ್ಮಂಥವರಿಗೆ ಶಿಕ್ಷೆ ಕೊಟ್ಟ ತೃಪ್ತಿ ಸಿಗುತ್ತದೆ, ಅಷ್ಟೇ.

ಅಕ್ಷರ ದುಂಡಾಗಲು ಅಭ್ಯಾಸ ಬೇಡವೆಂದು ನಾನು ಹೇಳುತ್ತಿಲ್ಲ. ಅಭ್ಯಾಸವಿಲ್ಲದೆ ಯಾವ ಕೈಯೂ ಪಳಗಲಾರದು. ಆದರೆ ದಿನಕ್ಕೆ ಐದು ಸಾಲು, ಪ್ರತಿ ಸಾಲಿಗೂ ಮೇಲ್ಪಂಕ್ತಿ ಕಣ್ಣಮುಂದೆ, ಪಕ್ಕದಲ್ಲಿ "ಇಲ್ಲಿ ಸುಳಿ ಚಿಕ್ಕದಾಯಿತು ನೋಡು" ಎನ್ನುವ ಒಬ್ಬರು. ಅರವತ್ತು ಮಕ್ಕಳ ತರಗತಿಯಲ್ಲಿ ಇದು ಸುಲಭವಲ್ಲ, ಬಲ್ಲೆ. ಇಂಪೊಸಿಷನ್ನಿನ ಆಕರ್ಷಣೆಯೇ ಅದು; ಮೇಷ್ಟ್ರು ಪಕ್ಕದಲ್ಲಿ ಕೂರಬೇಕಿಲ್ಲ.

ಕಟ್ಟು ಬಿಚ್ಚುವ ಹಿಂದಿನ ವಾರ ಮೊಮ್ಮಗಳು ಶಾಲೆಯಿಂದ ಅಳುತ್ತ ಬಂದಳು. "ಐವತ್ತು ಸಲ ಬರೀಬೇಕಂತೆ ತಾತ." ಅವಳ ಪಕ್ಕದಲ್ಲಿ ಕುಳಿತು ನಾನೂ ಎಡಗೈಯಲ್ಲಿ ಬರೆದೆ. ಯಾರದು ಹೆಚ್ಚು ಸೊಟ್ಟ ಎಂದು ಪ್ರತಿ ಸಾಲಿಗೂ ನೋಡಿಕೊಂಡೆವು. ಐದು ಸಾಲಿಗೆ ನಿಲ್ಲಿಸಿ, "ಇಷ್ಟೇ ಸಾಕೆಂದು ನಾನೇ ಹೇಳಿದ್ದೇನೆ, ಉಳಿದುದನ್ನು ದಿನಕ್ಕೈದರಂತೆ ಬರೆಸುತ್ತೇನೆ" ಎಂದು ಕೆಳಗೆ ಟಿಪ್ಪಣಿ ಬರೆದು ಸಹಿ ಹಾಕಿದೆ. ಮರುದಿನ ಅವಳ ಟೀಚರಮ್ಮ ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಕಳುಹಿಸಿದ್ದಾರೆ. ಅದು ನನ್ನ ಸಹಿಗೋ, ಅಭಿಪ್ರಾಯಕ್ಕೋ ತಿಳಿಯದು. ಸೋಮವಾರ ಹೋಗಿ ಕೇಳಿಕೊಂಡು ಬರಬೇಕೆಂದಿದ್ದೇನೆ.