ಹುಡುಕಿದರೆ ಸಿಕ್ಕಿದ್ದು ಇನ್ನೊಬ್ಬರ ಮೇಲ್

2004ರ ಅಕ್ಟೋಬರ್‌ನಲ್ಲಿ ಗೂಗಲ್ ಪುಕ್ಕಟೆಯಾಗಿ ಹಂಚಿದ ‘ಡೆಸ್ಕ್‌ಟಾಪ್ ಸರ್ಚ್’ ಮಹಾ ಚುರುಕು. ಎಲ್ಲೋ ಇಟ್ಟು ಮರೆತ ವರ್ಡ್ ಕಡತ, ಔಟ್‌ಲುಕ್ ಮೇಲ್, ನೋಡಿ ಮುಚ್ಚಿದ ವೆಬ್ ಪುಟ, ಎಲ್ಲವನ್ನೂ ಕ್ಷಣದಲ್ಲಿ ಎದುರಿಗೆ ತಂದಿಡುತ್ತಿತ್ತು. ತೊಡಕಾದದ್ದು ಒಂದೇ ಕಂಪ್ಯೂಟರನ್ನು ಹತ್ತಾರು ಜನ ಬಳಸುವ ಕಡೆ. ಸೈಬರ್ ಕೆಫೆಯಲ್ಲೋ ಗ್ರಂಥಾಲಯದಲ್ಲೋ ಯಾರೋ ಓದಿದ ವೆಬ್‌ಮೇಲ್ ಪುಟದ ಪ್ರತಿಯೂ ಅದರ ಬುಟ್ಟಿಗೆ ಬೀಳುತ್ತಿತ್ತು. ಅವರು ಲಾಗೌಟ್ ಮಾಡಿ ಎದ್ದು ಹೋದರೂ ಅಲ್ಲೇ ಉಳಿಯುತ್ತಿತ್ತು. ಸುರಕ್ಷಿತ ಪುಟಗಳನ್ನು ಕೈಬಿಡುವ ಆಯ್ಕೆ ಇತ್ತು ನಿಜ, ಆದರೆ ಸೆಟ್ಟಿಂಗ್ಸ್ ತೆರೆದು ನೋಡುವ ಪುಣ್ಯಾತ್ಮರು ಎಷ್ಟು ಮಂದಿ? 2006ರ ಮೂರನೇ ಆವೃತ್ತಿಯಂತೂ, ಬಳಸುವವರು ಹೂಂ ಎಂದರೆ, ಕಡತಗಳ ಪ್ರತಿಯನ್ನು ಗೂಗಲ್ ಸರ್ವರ್‌ಗೇ ಸಾಗಿಸುತ್ತಿತ್ತು. ಡಿಜಿಟಲ್ ಹಕ್ಕುಗಳ ಪರವಾದ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅದರ ಗೊಡವೆಯೇ ಬೇಡವೆಂದು ಎಚ್ಚರಿಸಿತು. 2011ರಲ್ಲಿ ಗೂಗಲ್ ಆ ತಂತ್ರಾಂಶವನ್ನೇ ನಿಲ್ಲಿಸಿತು. ಕಂಡದ್ದನ್ನೆಲ್ಲ ಮತ್ತೆ ಹುಡುಕಿ ಕೊಡುವ ಆಸೆ ಮಾತ್ರ ನಿಲ್ಲಲಿಲ್ಲ: 2024ರಲ್ಲಿ ಮೈಕ್ರೋಸಾಫ್ಟ್, ಪರದೆಯ ಚಿತ್ರವನ್ನೇ ಆಗಾಗ ತೆಗೆದಿಡುವ ‘ರೀಕಾಲ್’ ಪ್ರಕಟಿಸಿ, ಟೀಕೆ ಜೋರಾದಾಗ ಬಿಡುಗಡೆಯನ್ನು ಮುಂದೂಡಿತು.